ಶಕುನ, ಸುಳಿವು, ಎಚ್ಚರಿಕೆ: ಮುಂದಾಗುವುದನ್ನು ಸೂಚಿಸುವ ಇಂಗ್ಲಿಷ್ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡು. ಈ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರು ತಪ್ಪದೆ ಎಡವುವ ಜಾಗ ಒಂದಿದೆ. ಓಮನ್, ಪೋರ್ಟೆಂಟ್, ಹಾರ್ಬಿಂಜರ್, ಪ್ರೆಮೊನಿಷನ್, ವಾರ್ನಿಂಗ್, ಅಲರ್ಟ್ ಎಂದು ಇಂಗ್ಲಿಷ್‌ನಲ್ಲಿ ಸಾಲುಗಟ್ಟಿ ನಿಂತ ಪದಗಳಿಗೆಲ್ಲ ನಿಘಂಟು 'ಶಕುನ, ಮುನ್ಸೂಚನೆ' ಎಂಬ ಒಂದೇ ಅಂಗಿ ತೊಡಿಸಿ ಕಳುಹಿಸಿಬಿಡುತ್ತದೆ. ಅವರೂ ಓದುಗರೂ ಕೇಳುತ್ತಾ ಬಂದ ಪ್ರಶ್ನೆಗಳು ಇಲ್ಲಿವೆ. ಕೆಲವು ಉತ್ತರಗಳು ಉದ್ದವಾಗಿವೆ. ಹಕ್ಕಿಗಳ ಮಾತು ಬಂದರೆ ನನಗೆ ನಿಲ್ಲಿಸಲು ಬರುವುದಿಲ್ಲ.

ಇಷ್ಟೊಂದು ಪದಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕೆಂದು ತಿಳಿಯುವುದು ಹೇಗೆ?

ಒಂದು ಬಸ್ಸಿನ ಕಥೆ ಹೇಳುತ್ತೇನೆ. ಬೆಳಿಗ್ಗೆ ಹೊರಡುವಾಗ ಬೆಕ್ಕು ಅಡ್ಡ ಹೋಯಿತು. ಕೊಟ್ಟಿಗೆಹಾರ ದಾಟುವ ಮೊದಲೇ ಎಂಜಿನ್ ಕೆಮ್ಮತೊಡಗಿತು. ಚಾಲಕ ತಿರುಗಿ ನೋಡಿ, 'ಈ ಗಾಡಿಯನ್ನು ಘಾಟಿಯಲ್ಲಿ ನಂಬುವಂತಿಲ್ಲ, ಬೇಕಿದ್ದವರು ಇಲ್ಲೇ ಇಳಿದುಕೊಳ್ಳಿ' ಎಂದ. ಕಿಟಕಿ ಪಕ್ಕ ಕುಳಿತ ಅಜ್ಜಿಗೆ ಮನೆ ಬಿಟ್ಟಾಗಿನಿಂದ ಏಕೋ ಕಸಿವಿಸಿ. ಚಾರ್ಮಾಡಿಯ ನಾಲ್ಕನೆಯ ತಿರುವಿನಲ್ಲಿ ಬಸ್ ನಿಂತೇ ಹೋಯಿತು.

ಬೆಕ್ಕಿಗೂ ಎಂಜಿನ್‌ಗೂ ಯಾವ ಸಂಬಂಧವೂ ಇಲ್ಲ. ಬೆಕ್ಕು ಓಮನ್. ಎಂಜಿನ್ನಿನ ಕೆಮ್ಮು ಕೆಡುವಿಕೆಯದೇ ಮೊದಲ ಭಾಗ; ಅದು ಪ್ರಿಕರ್ಸರ್, ಇಲ್ಲವೇ ಸರಳವಾಗಿ ಸೈನ್. ಚಾಲಕನ ಮಾತು ವಾರ್ನಿಂಗ್. ಅಜ್ಜಿಯ ಕಸಿವಿಸಿ ಪ್ರೆಮೊನಿಷನ್. ನಾಲ್ಕೂ ಹೇಳಿದ್ದು ಒಂದೇ ಸಂಗತಿಯನ್ನು, ಆದರೆ ಆ ಸಂಗತಿಯೊಂದಿಗೆ ಒಂದೊಂದರ ನಂಟು ಒಂದೊಂದು ಬಗೆಯದು. ಪದ ಆರಿಸುವ ಮುನ್ನ ಆ ನಂಟು ಯಾವುದೆಂದು ಕೇಳಿಕೊಂಡರೆ ಅರ್ಧ ಕೆಲಸ ಮುಗಿಯಿತು. ಒಳ್ಳೆಯದೋ ಕೆಟ್ಟದ್ದೋ ಎಂಬುದು ಎರಡನೆಯ ಪ್ರಶ್ನೆ. ಹೆಚ್ಚಿನವರು ಅದನ್ನೇ ಮೊದಲು ಕೇಳಿ ದಾರಿ ತಪ್ಪುತ್ತಾರೆ.

ಶಕುನ ನಂಬುವವರು ಬೆಕ್ಕಿಗೂ ಬಸ್ಸಿಗೂ ಸಂಬಂಧವಿಲ್ಲ ಎಂಬುದನ್ನು ಒಪ್ಪುತ್ತಾರೆಯೇ?

ನಮ್ಮ ಭಾಷೆಯೇ ಪೂರ್ತಿ ಒಪ್ಪುವುದಿಲ್ಲ. 'ಹಬ್ಬದ ನಿಮಿತ್ತ ರಜೆ' ಎಂದು ಬ್ಯಾಂಕಿನ ಬಾಗಿಲಿಗೆ ಚೀಟಿ ಅಂಟಿಸುತ್ತಾರಲ್ಲ, ಅಲ್ಲಿ ನಿಮಿತ್ತ ಎಂದರೆ ಕಾರಣ. ಸಂಸ್ಕೃತದಲ್ಲಿ ಅದಕ್ಕೆ ಶಕುನ ಎಂಬ ಅರ್ಥವೂ ಇದೆ. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ 'ನಿಮಿತ್ತಾನಿ ಚ ಪಶ್ಯಾಮಿ ವಿಪರೀತಾನಿ' ಎಂದಾಗ ಅವನು ಹೇಳುತ್ತಿರುವುದು ಕೆಟ್ಟ ಶಕುನಗಳ ಮಾತು. ಹನ್ನೊಂದನೆಯ ಅಧ್ಯಾಯದಲ್ಲಿ ಕೃಷ್ಣ ಅವನಿಗೆ 'ನಿಮಿತ್ತಮಾತ್ರಂ ಭವ' ಎನ್ನುವಾಗ ಅದೇ ಪದ ಕೇವಲ ನೆಪ, ಉಪಕರಣ ಎಂಬ ಅರ್ಥಕ್ಕೆ ಹೊರಳಿದೆ. ಸೂಚಿಸುವುದೂ ಆಗಿಸುವುದೂ ಒಂದೇ ಪದದೊಳಗೆ ಹೊಂದಿಕೊಂಡಿವೆ. ಇಂಗ್ಲಿಷ್ ಈ ಎರಡನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಇಡುತ್ತದೆ. ಓಮನ್ ಎಂಬ ಪದಕ್ಕೆ ಎಷ್ಟು ಎಳೆದರೂ ಕಾರಣ ಎಂಬ ಅರ್ಥ ಬರುವುದಿಲ್ಲ.

ಓಮನ್ ಎಂದರೆ ಕೆಟ್ಟ ಶಕುನವೇ?

ಅಲ್ಲ. ಗುಡ್ ಓಮನ್, ಬ್ಯಾಡ್ ಓಮನ್ ಎರಡೂ ಉಂಟು. ನಮ್ಮ ಶಕುನದಂತೆಯೇ ಅದು ಎರಡೂ ಕಡೆ ವಾಲುತ್ತದೆ. ಆದರೆ ಅದರ ವಿಶೇಷಣ ಆಮಿನಸ್ ಮಾತ್ರ ಕೇಡಿನ ಕಡೆಗೇ ನಿಂತುಬಿಟ್ಟಿದೆ. 'ಆಮಿನಸ್ ಮೋಡ' ಎಂದರೆ ಮಳೆ ತರುವ ಮೋಡವೆಂದಲ್ಲ, ಏನೋ ಅನಾಹುತ ತರುವಂತೆ ಕಾಣುವ ಮೋಡ. ಬರದ ವರ್ಷದಲ್ಲಿ ಕಪ್ಪು ಮೋಡ ಕಂಡು ಕುಣಿದ ರೈತನ ವರದಿಯನ್ನು ಇಂಗ್ಲಿಷ್‌ಗೆ ತರುವಾಗ ಆ ಪದ ಬಳಸಿದರೆ ರೈತನಿಗೆ ಅನ್ಯಾಯ.

ಇನ್ನೊಂದು ಸ್ವಾರಸ್ಯವಿದೆ. ಹೇಯ, ಅಸಹ್ಯ ಎಂಬ ಅರ್ಥದ ಅಬಾಮಿನಬಲ್ ಎಂಬ ಪದದ ಹೊಟ್ಟೆಯಲ್ಲೂ ಓಮನ್ ಕುಳಿತಿದೆ. 'ಈ ಶಕುನ ದೂರ ಹೋಗಲಿ' ಎಂದು ತಳ್ಳಿಬಿಡುವುದು ಅದರ ಲ್ಯಾಟಿನ್ ಮೂಲದ ಅರ್ಥ. ನಾವು 'ಬಿಡ್ತು ಅನ್ನು' ಎಂದು ಮಕ್ಕಳಿಗೆ ಹೇಳುತ್ತೇವಲ್ಲ, ಹೆಚ್ಚುಕಡಿಮೆ ಅದೇ ಭಾವ.

ಶಕುನ ಎಂದರೆ ಮೂಲದಲ್ಲಿ ಹಕ್ಕಿ ಎನ್ನುತ್ತಾರೆ. ಇಂಗ್ಲಿಷ್‌ನಲ್ಲೂ ಹಾಗೆಯೇ?

ಹೌದು, ಮತ್ತು ಇದು ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ. ಸಂಸ್ಕೃತದ ಶಕುನ, ಶಕುನಿ, ಶಕುಂತ ಮೂರೂ ಹಕ್ಕಿಯ ಹೆಸರುಗಳೇ. ಕಾಡಿನಲ್ಲಿ ಬಿಟ್ಟುಹೋದ ಶಿಶುವನ್ನು ಶಕುಂತಗಳು ಸುತ್ತುವರಿದು ಕಾದವೆಂದು ಕಣ್ವರು ಅವಳಿಗೆ ಶಕುಂತಲೆ ಎಂದು ಹೆಸರಿಟ್ಟರು. ಹಕ್ಕಿ ಯಾವ ಕಡೆಯಿಂದ ಹಾರಿತು, ಯಾವ ದನಿಯಲ್ಲಿ ಕೂಗಿತು ಎಂದು ನೋಡುತ್ತಾ ನೋಡುತ್ತಾ ಹಕ್ಕಿಯ ಹೆಸರೇ ಸೂಚನೆಯ ಹೆಸರಾಯಿತು. ಬುಡುಬುಡಿಕೆಯವನು ಬೆಳಗಿನ ಜಾವ ಬಂದು 'ಹಾಲಕ್ಕಿ ನುಡಿಯಿತು' ಎಂದು ಶುರು ಮಾಡುವುದು ಇದೇ ಪರಂಪರೆಯ ಬಾಲ.

ಈಗ ರೋಮಿಗೆ ಹೋಗೋಣ. ಲ್ಯಾಟಿನ್‌ನಲ್ಲಿ ಆವಿಸ್ ಎಂದರೆ ಹಕ್ಕಿ, ಸ್ಪೆಕೆರೆ ಎಂದರೆ ನೋಡು. ಎರಡೂ ಸೇರಿ ಆಸ್ಪೆಕ್ಸ್, ಅಂದರೆ ಹಕ್ಕಿ ನೋಡುವವನು. ಅಲ್ಲಿಂದ ಬಂದದ್ದು ಆಸ್ಪಿಷಸ್. ನಾವು ಮದುವೆಯ ಇಂಗ್ಲಿಷ್ ಆಮಂತ್ರಣದಲ್ಲಿ ಅಚ್ಚು ಹಾಕಿಸುವ ಆ ಪದದಲ್ಲಿ ಹಕ್ಕಿಯೊಂದು ರೆಕ್ಕೆ ಮಡಚಿ ಕುಳಿತಿದೆ. 'ಇಂಥವರ ಆಶ್ರಯದಲ್ಲಿ' ಎನ್ನಲು ಬಳಸುವ ಆಸ್ಪಿಸಸ್ ಕೂಡ ಅಲ್ಲಿಯದೇ.

ಈ ಕೆಲಸಕ್ಕೆಂದೇ ರೋಮಿನಲ್ಲಿ ಆಗರ್ ಎಂಬ ಅಧಿಕೃತ ಪುರೋಹಿತರ ಮಂಡಲಿ ಇತ್ತು. ಪ್ರಸಿದ್ಧ ವಾಗ್ಮಿ ಸಿಸೆರೊ ಕೂಡ ಆ ಮಂಡಲಿಯ ಸದಸ್ಯ. ಆದರೂ ಶಕುನಗಳನ್ನು ಕಟುವಾಗಿ ಪ್ರಶ್ನಿಸುವ ಗ್ರಂಥ ಬರೆದ. ಆಗರ್ ಕೋಲು ಹಿಡಿದು ಆಕಾಶದಲ್ಲಿ ಒಂದು ಚೌಕಟ್ಟು ಗುರುತಿಸಿ, ಅದರೊಳಗೆ ಹಕ್ಕಿ ಹೇಗೆ ಹಾರುತ್ತದೆಂದು ಕಾಯುತ್ತಿದ್ದ. ಆ ಚೌಕಟ್ಟಿನ ಹೆಸರು ಟೆಂಪ್ಲಮ್. ಇಂಗ್ಲಿಷ್‌ನ ಟೆಂಪಲ್ ಅಲ್ಲಿಂದ ಬಂತು, ಧ್ಯಾನಿಸು ಎನ್ನುವ ಕಾಂಟೆಂಪ್ಲೇಟ್ ಕೂಡ. ಹೊಸ ಅಧಿಕಾರಿ ಪಟ್ಟವೇರುವ ಮೊದಲು ಹಕ್ಕಿ ನೋಡುವುದು ರೂಢಿ, ಅದೇ ಇನಾಗುರೇಷನ್. ಇಂದು ಸಚಿವರು ರಿಬ್ಬನ್ ಕತ್ತರಿಸುವಾಗ ಯಾರೂ ಮೇಲೆ ನೋಡುವುದಿಲ್ಲ, ಡ್ರೋನ್ ಕ್ಯಾಮೆರಾಕ್ಕೆ ಕೈ ಬೀಸುವುದನ್ನು ಬಿಟ್ಟರೆ.

ಹಡಗಿನಲ್ಲಿ ಆಕಾಶ ನೋಡುತ್ತಾ ಕೂರುವುದು ಕಷ್ಟ. ಹಾಗಾಗಿ ಸೈನ್ಯದ ಜೊತೆ ಪವಿತ್ರ ಕೋಳಿಗಳು ಹೋಗುತ್ತಿದ್ದವು. ಹಾಕಿದ ಕಾಳನ್ನು ಮುಕ್ಕಿ ತಿಂದರೆ ಶುಭ, ಮುಟ್ಟದಿದ್ದರೆ ಅಶುಭ. ಕ್ರಿ.ಪೂ. 249ರಲ್ಲಿ ಸಿಸಿಲಿಯ ಡ್ರೆಪಾನಾ ಬಳಿ ಕಾರ್ಥೇಜಿನ ನೌಕಾಪಡೆಯ ಮೇಲೆ ಬೀಳಲು ಹೊರಟ ಪುಬ್ಲಿಯಸ್ ಕ್ಲಾಡಿಯಸ್ ಪುಲ್ಕರ್‌ನ ಕೋಳಿಗಳು ಕಾಳು ಮುಟ್ಟಲಿಲ್ಲ. 'ತಿನ್ನದಿದ್ದರೆ ಕುಡಿಯಲಿ' ಎಂದು ಅವನು ಅವುಗಳನ್ನು ಸಮುದ್ರಕ್ಕೆ ಎಸೆಯಿಸಿದನೆಂದು ರೋಮನ್ ಲೇಖಕರು ಹೇಳುತ್ತಾರೆ. ಯುದ್ಧದಲ್ಲಿ ಹಡಗುಗಳ ಬಹುಪಾಲು ಹೋಯಿತು. ರೋಮಿಗೆ ಮರಳಿದ ಮೇಲೆ ವಿಚಾರಣೆ ನಡೆಸಿ ದಂಡ ಹಾಕಿದರು. ಕೋಳಿ ತಿಂದಿದ್ದರೆ ಗೆಲ್ಲುತ್ತಿದ್ದನೇ ಎಂದು ಯಾರೂ ಕೇಳಿದಂತಿಲ್ಲ.

ಆಗರ್ ಇಂದು ಇಂಗ್ಲಿಷ್‌ನಲ್ಲಿ ಕ್ರಿಯಾಪದ. ಆಗರ್ಸ್ ವೆಲ್ ಎಂದರೆ ಶುಭಸೂಚಕ, ಆಗರ್ಸ್ ಇಲ್ ಎಂದರೆ ಅಶುಭಸೂಚಕ. ಬೋಡ್ ಎಂಬ ಪದಕ್ಕೂ ಇದೇ ಎರಡು ಬಾಲಗಳು; ಅದು ಅಚ್ಚ ಇಂಗ್ಲಿಷ್ ಬೇರಿನದು, ಮೂಲದಲ್ಲಿ ದೂತ ಎಂಬ ಅರ್ಥ.

ರಾಹುಕಾಲವನ್ನು 'ಆಮಿನಸ್' ಸಮಯ ಎನ್ನಬಹುದೇ?

ಬೇಡ. ಇನಾಸ್ಪಿಷಸ್ ಎನ್ನಿ. ಸೋಮವಾರ ಏಳೂವರೆಯಿಂದ ಒಂಬತ್ತರವರೆಗಿನ ರಾಹುಕಾಲ ಯಾವ ಅನಾಹುತವನ್ನೂ ಮುನ್ಸೂಚಿಸುವುದಿಲ್ಲ. ಹೊಸ ಕೆಲಸ ಶುರು ಮಾಡಲು ಅದು ಒದಗದ ಹೊತ್ತು, ಅಷ್ಟೇ. ಆಮಿನಸ್ ಎಂದರೆ ಮುಂದೇನೋ ಕಾದಿದೆ ಎಂದಾಗುತ್ತದೆ.

ಒಂದು ಮಾತು. ಆಸ್ಪಿಷಸ್ ಪದವನ್ನು ಭಾರತೀಯರಾದ ನಾವು ಬಳಸುವಷ್ಟು ಧಾರಾಳವಾಗಿ ಇಂಗ್ಲೆಂಡಿನವರು ಬಳಸುವುದಿಲ್ಲ. ಅವರಿಗೆ ಅದು ಸ್ವಲ್ಪ ಸೂಟು ಬೂಟಿನ ಪದ. ನಮಗೆ ಶುಭ, ಮಂಗಳ, ಮುಹೂರ್ತ ಎಲ್ಲದಕ್ಕೂ ಒಂದೇ ಪದ ಬೇಕಿತ್ತು, ಅದನ್ನು ದುಡಿಸಿಕೊಂಡೆವು. ತಪ್ಪೇನೂ ಇಲ್ಲ.

ಹಾರ್ಬಿಂಜರ್ ಎಂದರೆ ಮುನ್ಸೂಚನೆ ತಾನೇ?

ಮುನ್ಸೂಚನೆ ಎಂದರೆ ಅರ್ಥ ತಲುಪುತ್ತದೆ, ಚಿತ್ರ ತಲುಪುವುದಿಲ್ಲ. ಹಾರ್ಬಿಂಜರ್ ಮೂಲದಲ್ಲಿ ಒಬ್ಬ ಮನುಷ್ಯ. ರಾಜನ ಸವಾರಿಯೋ ಸೈನ್ಯವೋ ಹೊರಟಾಗ ಒಂದು ದಿನ ಮುಂಚಿತವಾಗಿ ಹೋಗಿ ಬಿಡಾರಕ್ಕೆ ಜಾಗ ಹುಡುಕುವವನು. ಬಂದರು ಎಂಬ ಅರ್ಥದ ಹಾರ್ಬರ್ ಕೂಡ ಅದೇ ಬಳಗದ್ದು. ಎರಡರ ಬೇರಿನಲ್ಲೂ ಸೈನ್ಯದ ತಂಗುದಾಣ ಎಂಬ ಅರ್ಥವಿದೆ. ನಮ್ಮ ಮದುವೆಗಳಲ್ಲಿ ಗಂಡಿನ ಕಡೆಯವರಿಗೆ ಬಿಡದಿ ಗೊತ್ತುಮಾಡಲು ಒಬ್ಬರು ಮುಂದಾಗಿ ಓಡಾಡುತ್ತಾರಲ್ಲ, ಅವರೇ ಹಾರ್ಬಿಂಜರ್. ಬಿಡದಿ ಎಂದರೆ ತಟ್ಟೆ ಇಡ್ಲಿಯ ಊರು ಎಂದಷ್ಟೇ ಗೊತ್ತಿರುವ ಬೆಂಗಳೂರಿನ ಮಕ್ಕಳು ಮನೆಯ ಹಿರಿಯರನ್ನು ಕೇಳಿ ನೋಡಲಿ.

ಈ ಚಿತ್ರ ತಲೆಯಲ್ಲಿದ್ದರೆ ಪದ ತಪ್ಪುವುದಿಲ್ಲ. ಬಿಡದಿಯವರು ಬಂದರೆಂದರೆ ದಿಬ್ಬಣ ಹಿಂದೆಯೇ ಬರುತ್ತಿದೆ ಎಂದರ್ಥ, ಏಕೆಂದರೆ ಅವರು ದಿಬ್ಬಣದವರೇ. ಏಪ್ರಿಲ್‌ನಲ್ಲಿ ಚಿಕ್ಕಮಗಳೂರು, ಕೊಡಗಿನ ತೋಟಗಳ ಮೇಲೆ ಬೀಳುವ ಹೂಮಳೆಯನ್ನು ಕಾಫಿ ಹೂವಿನ ಹಾರ್ಬಿಂಜರ್ ಎನ್ನಬಹುದು. ಮಾವಿನ ಚಿಗುರಿನ ನಡುವೆ ಕೂಗುವ ಕೋಗಿಲೆಯನ್ನು ವಸಂತದ ಹಾರ್ಬಿಂಜರ್ ಎನ್ನಬಹುದು. ಆದರೆ ಕಾಗೆ ಮನೆ ಮುಂದೆ ಕೂಗಿದರೆ ನೆಂಟರು ಬರುತ್ತಾರೆ ಎನ್ನುತ್ತೇವಲ್ಲ, ಆ ಕಾಗೆ ಹಾರ್ಬಿಂಜರ್ ಅಲ್ಲ. ಅದಕ್ಕೂ ನೆಂಟರಿಗೂ ಪರಿಚಯವಿಲ್ಲ. ಅದು ಓಮನ್.

ಕನ್ನಡಕ್ಕೆ? ಮುಂಗಾಲು, ಮುನ್ನಡಿ ಎಂದೆಲ್ಲ ಟಂಕಿಸಲು ಹೋಗಬೇಡಿ. 'ವಸಂತ ಬರುತ್ತಿರುವುದನ್ನು ಕೋಗಿಲೆ ಸಾರಿತು' ಎಂದು ಕ್ರಿಯಾಪದಕ್ಕೆ ಬಿಡಿ. ಗಂಭೀರ ಗದ್ಯದಲ್ಲಿ 'ಮುಂಗೋಳಿ' ಎಂಬ ಹಳೆಯ ಪದ ಕೆಲವೆಡೆ ಚೆನ್ನಾಗಿ ಕೂರುತ್ತದೆ: ನಸುಕಿನಲ್ಲಿ ಮೊದಲು ಕೂಗುವ ಕೋಳಿ.

ಹೆರಾಲ್ಡ್ ಕೂಡ ಅದೇ ಅರ್ಥವೇ?

ಹತ್ತಿರದ ಅರ್ಥ. ಹೆರಾಲ್ಡ್ ಗಟ್ಟಿಯಾಗಿ ಸಾರುವವನು, ಡಂಗುರದವನು. ಹಾರ್ಬಿಂಜರ್ ಮಾತಾಡಬೇಕೆಂದಿಲ್ಲ. ಸುದ್ದಿ ಸಾರುವುದು ಕೆಲಸವಾದ್ದರಿಂದಲೇ ಪತ್ರಿಕೆಗಳಿಗೆ ಆ ಹೆಸರು ಒಪ್ಪುತ್ತದೆ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಡೆಕ್ಕನ್ ಹೆರಾಲ್ಡ್ ನಮಗೆ ಹತ್ತಿರದ ಉದಾಹರಣೆ.

ಓಮನ್‌ಗೂ ಪೋರ್ಟೆಂಟ್‌ಗೂ ಏನು ವ್ಯತ್ಯಾಸ?

ಗಾತ್ರದ್ದು. ಹಲ್ಲಿ ಲೊಚಗುಟ್ಟಿದರೆ ಅದು ಓಮನ್. ಹಗಲಲ್ಲೇ ಕತ್ತಲಾಗಿ ರಕ್ತಬಣ್ಣದ ಮಳೆ ಬಿದ್ದರೆ ಪೋರ್ಟೆಂಟ್. ಇದಕ್ಕೆ ನಮ್ಮಲ್ಲಿ ಸರಿಯಾದ ಪದವೇ ಇದೆ: ಉತ್ಪಾತ. ವರಾಹಮಿಹಿರನ ಬೃಹತ್ಸಂಹಿತೆ ಉತ್ಪಾತಗಳನ್ನು ದಿವ್ಯ, ಆಂತರಿಕ್ಷ, ಭೌಮ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ಒಬ್ಬ ವ್ಯಕ್ತಿಯ ಪ್ರಯಾಣ ಕೆಡುತ್ತದೆಯೇ ಎಂಬುದು ಅಲ್ಲಿನ ಚಿಂತೆಯಲ್ಲ. ರಾಜ್ಯಕ್ಕೆ, ಬೆಳೆಗೆ, ದೊರೆಗೆ ಏನಾಗುತ್ತದೆ ಎಂಬುದು ಪ್ರಶ್ನೆ. ಪೋರ್ಟೆಂಟ್ ಇರುವುದೂ ಆ ಎತ್ತರದಲ್ಲಿ.

ಅದರ ವಿಶೇಷಣ ಪೋರ್ಟೆಂಟಸ್ ಬಗ್ಗೆ ಹುಷಾರು. ಭಾರಿ ಸೂಚಕ ಎಂಬ ಅರ್ಥದ ಜೊತೆಗೆ, ಇಲ್ಲದ ಘನತೆ ಹೇರಿಕೊಂಡು ಮಾತನಾಡುವ ಎಂಬ ಅರ್ಥವೂ ಅದಕ್ಕೆ ಬಂದಿದೆ. ಯಾರದೋ ಭಾಷಣವನ್ನು ಇಂಗ್ಲಿಷ್ ವಿಮರ್ಶಕ ಪೋರ್ಟೆಂಟಸ್ ಎಂದರೆ ಹಿಗ್ಗಬೇಡಿ, ಅದು ಬೈಗುಳ.

ಮಾನ್‌ಸ್ಟರ್ ಕೂಡ ಈ ಗುಂಪಿನದು ಎಂದು ಓದಿದೆ. ನಿಜವೇ?

ನಿಜ. ಲ್ಯಾಟಿನ್‌ನ ಮೊನೆರೆ ಎಂದರೆ ಎಚ್ಚರಿಸು. ದೇವರು ಎಚ್ಚರಿಕೆಗಾಗಿ ಕಳುಹಿಸಿದ ವಿಕೃತ ಜನನ ಮಾನ್‌ಸ್ಟರ್. ಎರಡು ತಲೆಯ ಕರು ಹುಟ್ಟಿದರೆ ಊರಿಗೇ ಏನೋ ಸೂಚನೆ ಎಂದು ರೋಮನ್ನರು ಲೆಕ್ಕ ಹಾಕುತ್ತಿದ್ದರು. ನಮ್ಮೂರುಗಳಲ್ಲೂ ಅಂಥ ಕರುವಿನ ಫೋಟೊ ಪತ್ರಿಕೆಗೆ ಬರುತ್ತದೆ. ಅದೇ ಮೊನೆರೆಯಿಂದ ತರಗತಿಯ ಮಾನಿಟರ್ ಬಂದ. ಗಲಾಟೆ ಮಾಡುವವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವವನು ಎಚ್ಚರಿಸುವವನೇ ತಾನೇ. ಬಾಲಪ್ರತಿಭೆಗೆ ಹೇಳುವ ಪ್ರಾಡಿಜಿ ಎಂಬುದೂ ಮೊದಲು ಅಪಶಕುನದ ಅದ್ಭುತಕ್ಕೆ ಇದ್ದ ಹೆಸರು. ಐದು ವರ್ಷದ ಹುಡುಗಿ ಕಛೇರಿ ನೀಡಿದಾಗ ಆ ಪದ ಬಳಸಲು ಹಿಂಜರಿಯಬೇಕಿಲ್ಲ, ಹಳೆಯ ವಿಷವೆಲ್ಲ ಇಳಿದುಹೋಗಿದೆ.

ಸಿನಿಸ್ಟರ್ ಎಂದರೆ ಎಡ ಎಂದು ಕೇಳಿದ್ದೇನೆ.

ಲ್ಯಾಟಿನ್‌ನಲ್ಲಿ ಎಡಕ್ಕೆ ಅದೇ ಹೆಸರು. ತಮಾಷೆ ಎಂದರೆ ರೋಮನ್ ಶಕುನಗಾರರಿಗೆ ಎಡ ಮೊದಲು ಶುಭವಾಗಿತ್ತು. ಅವರು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲುತ್ತಿದ್ದರು, ಹಾಗಾಗಿ ಬೆಳಕು ಹುಟ್ಟುವ ಪೂರ್ವ ಎಡಕ್ಕೆ. ಗ್ರೀಕರು ಉತ್ತರಕ್ಕೆ ಮುಖ ಮಾಡುತ್ತಿದ್ದರು, ಅವರಿಗೆ ಬಲ ಶುಭ. ಗ್ರೀಕರ ಪ್ರಭಾವ ಗೆದ್ದಿತು, ಎಡ ಕೆಟ್ಟಿತು. ಸಂಸ್ಕೃತದ ವಾಮ ಎಂಬ ಪದಕ್ಕೂ ಎಡ, ಪ್ರತಿಕೂಲ, ಸುಂದರ ಎಂದು ಮೂರು ಮುಖಗಳಿವೆ. ಎಡಗೈಯಲ್ಲಿ ಬರೆಯುತ್ತಿದ್ದುದಕ್ಕೆ ಬಾಲ್ಯದಲ್ಲಿ ಪೆಟ್ಟು ತಿಂದವನಾದ ನನಗೆ ಈ ಮೂರನೆಯ ಅರ್ಥ ಸ್ವಲ್ಪ ಸಮಾಧಾನ ಕೊಟ್ಟಿತು.

ಡಿಸಾಸ್ಟರ್ ಎಂಬುದಕ್ಕೂ ನಕ್ಷತ್ರಕ್ಕೂ ಸಂಬಂಧವಿದೆಯೇ?

ಇದೆ. ಕೆಟ್ಟ ನಕ್ಷತ್ರ ಎಂಬುದೇ ಅದರ ಮೂಲ. 'ನನ್ನ ಗ್ರಹಚಾರ' ಎಂದು ನಾವು ಹಣೆ ಚಚ್ಚಿಕೊಳ್ಳುವುದಕ್ಕೂ ಅದಕ್ಕೂ ಹೆಚ್ಚು ದೂರವಿಲ್ಲ. ಗ್ರಹಗಳ ಸಂಚಾರ ಎಂಬ ನಿರಪಾಯದ ಮಾತು ಕನ್ನಡದಲ್ಲಿ ನೇರವಾಗಿ ದುರದೃಷ್ಟವೇ ಆಗಿಬಿಟ್ಟಿದೆ.

ಧೂಮಕೇತುವಿನ ಕಥೆಯೂ ಇಲ್ಲೇ ಸೇರುತ್ತದೆ. 1066ರ ವಸಂತದಲ್ಲಿ ಹ್ಯಾಲಿ ಧೂಮಕೇತು ಇಂಗ್ಲೆಂಡಿನ ಆಕಾಶದಲ್ಲಿ ಕಂಡಿತು. ಅದೇ ಅಕ್ಟೋಬರಿನಲ್ಲಿ ಹೇಸ್ಟಿಂಗ್ಸ್ ಯುದ್ಧದಲ್ಲಿ ದೊರೆ ಹೆರಾಲ್ಡ್ ಸತ್ತು, ನಾರ್ಮಂಡಿಯ ವಿಲಿಯಮ್ ಗೆದ್ದ. ಆ ವಿಜಯವನ್ನು ಚಿತ್ರಿಸಿದ ಬೇಯೂ ಕಸೂತಿಪಟದಲ್ಲಿ ಜನರು ಬೆರಳು ತೋರಿಸಿ ನಕ್ಷತ್ರವನ್ನು ಬೆರಗಿನಿಂದ ನೋಡುವ ದೃಶ್ಯವಿದೆ. ಒಂದೇ ಧೂಮಕೇತು ಸೋತವನಿಗೆ ಅಪಶಕುನ, ಗೆದ್ದವನಿಗೆ ಶುಭಶಕುನ. ಅದು ಮಾತ್ರ ತನ್ನ ಪಾಡಿಗೆ 1986ರಲ್ಲೂ ಬಂದು ಹೋಯಿತು, 2061ರಲ್ಲಿ ಮತ್ತೆ ಬರುತ್ತದೆ.

ಪ್ರೆಮೊನಿಷನ್, ಪ್ರಿಸೆಂಟಿಮೆಂಟ್, ಫೋರ್‌ಬೋಡಿಂಗ್: ಮೂರೂ ಮನಸ್ಸಿನವೇ?

ಮೂರೂ ಒಳಗಿನವು, ಬೆಕ್ಕು, ಕಾಗೆ, ಧೂಮಕೇತು ಯಾವುದೂ ಬೇಕಿಲ್ಲ. ಪ್ರೆಮೊನಿಷನ್‌ಗೆ ವಿಷಯವಿರುತ್ತದೆ: 'ಅಣ್ಣನಿಗೆ ಏನೋ ಆಗಿದೆ ಎನಿಸಿತು.' ಫೋರ್‌ಬೋಡಿಂಗ್‌ಗೆ ವಿಷಯವೇ ಬೇಕಿಲ್ಲ. ಎದೆಯ ಮೇಲೆ ಕಲ್ಲಿಟ್ಟಂತೆ ಬರಿಯ ಅಳುಕು, ಯಾವಾಗಲೂ ಕೇಡಿನದು. ಪ್ರಿಸೆಂಟಿಮೆಂಟ್ ಹಳೆಯ ಪುಸ್ತಕಗಳ ಪದ, ಇಂದು ಬರೆಯುವವರು ಕಡಿಮೆ.

ಕನ್ನಡದಲ್ಲಿ ಇವಕ್ಕೆ ನಾಮಪದ ಹುಡುಕಿ ಸೋಲಬೇಡಿ. ನಮ್ಮ ಶಕ್ತಿ ಅನುಕರಣ ಶಬ್ದಗಳಲ್ಲಿದೆ. ಕರುಳು ಚುರಕ್ಕೆಂದಿತು, ಎದೆ ಡವಗುಟ್ಟಿತು, ಮನಸ್ಸು ಮುಂದಕ್ಕೆ ಬರಲೊಲ್ಲದು ಎಂದು ಬರೆದರೆ 'ಪೂರ್ವಭಾವಿ ಅಶುಭ ಅನಿಸಿಕೆ' ಎಂಬ ಸರ್ಕಾರಿ ಸುತ್ತೋಲೆಯ ಭಾಷೆಯಿಂದ ಓದುಗ ಬಚಾವಾಗುತ್ತಾನೆ.

ವೈದ್ಯರ ಬಾಯಲ್ಲಿ ಬರುವ ಪ್ರೊಡ್ರೋಮ್ ಬೇರೆ. ರೋಗ ಪೂರ್ತಿ ತಲೆ ಎತ್ತುವ ಮೊದಲಿನ ಸಣ್ಣ ಲಕ್ಷಣಗಳವು. ಮೈಗ್ರೇನ್ ಇರುವವರಿಗೆ ತಲೆನೋವಿಗೆ ಒಂದು ದಿನ ಮುಂಚೆ ಆಕಳಿಕೆ, ಕಿರಿಕಿರಿ ಬರುವಂತೆ. ಆಯುರ್ವೇದ ಇದನ್ನು ಪೂರ್ವರೂಪ ಎಂದು ಕರೆಯುತ್ತದೆ. ಅನುವಾದಕರು ಕಣ್ಣು ಮುಚ್ಚಿ ಬಳಸಬಹುದಾದ ಪದ.

ವಾಚ್, ಅಲರ್ಟ್, ವಾರ್ನಿಂಗ್: ಹವಾಮಾನ ಸುದ್ದಿಯಲ್ಲಿ ಇವುಗಳ ನಡುವೆ ವ್ಯತ್ಯಾಸವಿದೆಯೇ?

ಇದೆ. ಇದೊಂದನ್ನು ತಪ್ಪಾಗಿ ತಿಳಿದರೆ ಜೀವಕ್ಕೆ ಅಪಾಯ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಮೊದಲ ವರ್ಷವೇ ಕಲಿಯಬೇಕಾದ ಪಾಠ: ಟಾರ್ನೆಡೊ ವಾಚ್ ಎಂದರೆ ಸುಂಟರಗಾಳಿ ಏಳಲು ಬೇಕಾದ ಸ್ಥಿತಿ ಒದಗಿದೆ, ಗಮನವಿಡಿ. ಟಾರ್ನೆಡೊ ವಾರ್ನಿಂಗ್ ಎಂದರೆ ಅದನ್ನು ಯಾರೋ ಕಂಡಿದ್ದಾರೆ, ಇಲ್ಲವೇ ರೇಡಾರ್‌ನಲ್ಲಿ ಗುರುತು ಸಿಕ್ಕಿದೆ, ಈಗಲೇ ನೆಲಮಾಳಿಗೆಗೆ ಇಳಿಯಿರಿ. ಅಡುಗೆಯವರ ಮಾತಿನಲ್ಲಿ ಹೇಳುವುದಾದರೆ, ಒಗ್ಗರಣೆಗೆ ಎಣ್ಣೆ, ಸಾಸಿವೆ ಎಲ್ಲ ಸಿದ್ಧವಾಗಿದ್ದರೆ ವಾಚ್, ಸಾಸಿವೆ ಸಿಡಿಯುತ್ತಿದ್ದರೆ ವಾರ್ನಿಂಗ್.

ಭಾರತೀಯ ಹವಾಮಾನ ಇಲಾಖೆ ಇದನ್ನು ಬಣ್ಣಗಳಲ್ಲಿ ಹೇಳುತ್ತದೆ. ಹಸಿರು ಎಂದರೆ ಎಚ್ಚರಿಕೆ ಏನೂ ಇಲ್ಲ. ಹಳದಿ ವಾಚ್: ಮಾಹಿತಿ ನೋಡುತ್ತಿರಿ. ಕಿತ್ತಳೆ ಅಲರ್ಟ್: ಸಿದ್ಧರಾಗಿ. ಕೆಂಪು ವಾರ್ನಿಂಗ್: ಕ್ರಮ ಕೈಗೊಳ್ಳಿ. ಅಲರ್ಟ್ ಎಂಬ ಪದ ಲೆಕ್ಕದ ಪ್ರಕಾರ ಸೇರುವುದು ಕಿತ್ತಳೆಗೆ ಮಾತ್ರ. ನಮ್ಮ ಪತ್ರಿಕೆಗಳು ಮೂರಕ್ಕೂ ಅಲರ್ಟ್ ಎಂದೇ ಬರೆದು ರೂಢಿಯಾಗಿದೆ, ನಾನೂ ಬರೆದಿದ್ದೇನೆ. ಓದುಗರು ಬಣ್ಣ ನೋಡಿ ಅರ್ಥ ಮಾಡಿಕೊಳ್ಳುವುದರಿಂದ ಅನಾಹುತವಾಗಿಲ್ಲ.

ಮಳೆಯ ವಿಶೇಷಣಗಳೂ ಅಲಂಕಾರವಲ್ಲ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ. ಅದಕ್ಕೂ ಮೇಲಿನದು ಅತ್ಯಂತ ಭಾರಿ. ವರದಿಗಾರರು ರಾಗವೆಳೆಯಲು 'ಅತಿ' ಸೇರಿಸಿದಾಗ ನಾನು ಅಳತೆ ಕೇಳುತ್ತೇನೆ. ನೂರು ಮಿಲಿಮೀಟರ್ ಆಗುಂಬೆಗೆ ಮಳೆಗಾಲದ ಮಾಮೂಲು ದಿನ, ವಿಜಯಪುರಕ್ಕೆ ಪ್ರವಾಹ. ಪಟ್ಟಿ ಮಾತ್ರ ಇಬ್ಬರಿಗೂ ಒಂದೇ.

ಭೂಕಂಪದ ವಿಷಯದಲ್ಲಿ ಪ್ರಿಡಿಕ್ಷನ್ ಎಂಬ ಪದ ಕಂಡರೆ ಕೆಂಪು ಪೆನ್ನು ತೆಗೆಯಿರಿ. ಇಂಥ ದಿನ, ಇಂಥ ಊರಿನಲ್ಲಿ, ಇಷ್ಟು ತೀವ್ರತೆಯ ಕಂಪನ ಎಂದು ಮುಂಚಿತವಾಗಿ ಹೇಳಲು ಯಾರಿಗೂ ಆಗಿಲ್ಲ. ಅರ್ಲಿ ವಾರ್ನಿಂಗ್ ಎಂಬುದಿದೆ, ಆದರೆ ಅದು ಭೂಕಂಪ ಶುರುವಾದ ಮೇಲೆ ಬರುವುದು. ವೇಗವಾಗಿ ಓಡುವ ಸೌಮ್ಯ ಅಲೆಯನ್ನು ಉಪಕರಣ ಮೊದಲು ಹಿಡಿದು, ಹಿಂದೆ ಬರುವ ವಿನಾಶಕ ಅಲೆಗಿಂತ ಕೆಲವು ಸೆಕೆಂಡು ಮುಂಚೆ ಮೊಬೈಲಿಗೆ ಸುದ್ದಿ ಮುಟ್ಟಿಸುತ್ತದೆ. ಆ ಸೌಮ್ಯ ಅಲೆಯೇ ನಿಜವಾದ ಹಾರ್ಬಿಂಜರ್.

ಮುನ್ಸೂಚನೆ, ಮುನ್ನೆಚ್ಚರಿಕೆ: ಎರಡೂ ಒಂದೇ ಅಲ್ಲವೇ?

ಅಲ್ಲವೆಂದು ನಾನು ಹಟ ಹಿಡಿಯುತ್ತೇನೆ. ಮುನ್ಸೂಚನೆ ಹೊರಗಿನಿಂದ ಬರುವುದು, ಮುನ್ನೆಚ್ಚರಿಕೆ ನಾವು ವಹಿಸುವುದು. 'ಮಳೆಯ ಮುನ್ಸೂಚನೆ ಇದೆ, ಮುನ್ನೆಚ್ಚರಿಕೆ ವಹಿಸಿ' ಎಂಬ ಒಂದು ವಾಕ್ಯ ನೆನಪಿಟ್ಟರೆ ಸಾಕು. 'ಇಲಾಖೆ ಮುನ್ನೆಚ್ಚರಿಕೆ ನೀಡಿದೆ' ಎಂದು ಬರೆದಾಗ ಅದು ಸೂಚನೆಯೋ ಸಲಹೆಯೋ ತಿಳಿಯುವುದಿಲ್ಲ. 'ಎಚ್ಚರಿಕೆ ನೀಡಿದೆ' ಎಂದರೆ ಸಾಲದೇ?

ಎಚ್ಚರಿಸು ಎಂಬುದು ನಮ್ಮಲ್ಲಿ ನಿದ್ದೆಯಿಂದ ಎಬ್ಬಿಸುವುದೂ ಹೌದು, ಅಪಾಯ ತಿಳಿಸುವುದೂ ಹೌದು. ಇಂಗ್ಲಿಷ್‌ನಲ್ಲಿ ಆ ಎರಡೂ ಕೆಲಸವನ್ನು ಅಲಾರಂ ಎಂಬ ಪದ ಮಾಡುತ್ತದೆ. ಅದು ಇಟಲಿಯ ಸೈನಿಕರ ಕೂಗು, 'ಆಯುಧ ಹಿಡಿಯಿರಿ' ಎಂದು.

ಕಲ್ಲಿದ್ದಲು ಗಣಿಯ ಕ್ಯಾನರಿ ಎಂಬ ನುಡಿಗಟ್ಟನ್ನು ಕನ್ನಡಕ್ಕೆ ಹೇಗೆ ತರುವುದು?

ಮತ್ತೆ ಹಕ್ಕಿ. ಆದರೆ ಈ ಹಕ್ಕಿ ಶಕುನದ ಹಕ್ಕಿಯಲ್ಲ. ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಅವರ ಸಲಹೆಯಿಂದ ಬ್ರಿಟನ್ನಿನ ಗಣಿಗಳಿಗೆ ಪಂಜರದ ಕ್ಯಾನರಿ ಇಳಿಯಿತು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಪುಟ್ಟ ಹಕ್ಕಿಗೆ ಅದು ಮನುಷ್ಯನಿಗಿಂತ ಬೇಗ ತಾಗುತ್ತದೆ. ಹಕ್ಕಿ ತೂರಾಡಿದರೆ ಜನ ಮೇಲಕ್ಕೆ ಓಡುತ್ತಿದ್ದರು. 1986ರಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳು ಆ ಕೆಲಸ ವಹಿಸಿಕೊಂಡವು. ಕೋಳಿ ಕಾಳು ತಿನ್ನದಿದ್ದುದಕ್ಕೂ ಹಡಗು ಮುಳುಗಿದ್ದಕ್ಕೂ ನಂಟಿರಲಿಲ್ಲ; ಇಲ್ಲಿ ಹಕ್ಕಿಯನ್ನು ಬೀಳಿಸುವ ಅನಿಲವೇ ಮನುಷ್ಯನನ್ನೂ ಬೀಳಿಸುತ್ತದೆ.

ಕ್ಯಾನರಿ ನೋಡದ ನಮ್ಮ ಓದುಗರಿಗೆ ಹತ್ತಿರದ ಚಿತ್ರ ಮಲೆನಾಡಿನಲ್ಲಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಹಿಂದೆಯೇ ಜನರಿಗೆ ಜ್ವರ ಬಂತು. ಉಣುಗು ಹರಡುವ ಆ ವೈರಸ್ ಇಬ್ಬರನ್ನೂ ಕಾಡುತ್ತದೆ. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಸುತ್ತಲಿನ ಜಾಗವನ್ನೇ ಅಪಾಯದ ತಾಣವಾಗಿಸುತ್ತವೆ. ಕಾಡಿನಲ್ಲಿ ಮಂಗ ಸತ್ತಿದ್ದು ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಿ ಎಂದು ಇಂದಿಗೂ ಹೇಳುವುದು ಅದಕ್ಕೇ. ಇಂಥದ್ದಕ್ಕೆ ಇಂಗ್ಲಿಷ್‌ನಲ್ಲಿ ಸೆಂಟಿನೆಲ್ ಎನ್ನುತ್ತಾರೆ, ಕಾವಲುಗಾರ ಎಂದು. ಸಾಗರ, ತೀರ್ಥಹಳ್ಳಿಯ ಕಡೆಯ ಓದುಗರಿಗೆ ಬರೆಯುವಾಗ 'ಮಂಗ ಬಿದ್ದಂತೆ' ಎಂದರೆ ವಿವರಣೆಯೇ ಬೇಡ. ಉಳಿದವರಿಗೆ 'ಅಪಾಯದ ಮೊದಲ ಬಲಿ' ಎಂದು ಬರೆಯುತ್ತೇನೆ.

ರೈಟಿಂಗ್ ಆನ್ ದ ವಾಲ್ ಎಂಬುದಕ್ಕೆ 'ಗೋಡೆ ಬರಹ' ಸರಿಯೇ?

ಗೋಡೆ ಬರಹ ಎಂದರೆ ಕನ್ನಡಿಗನಿಗೆ ಕಾಣುವುದು ಚುನಾವಣೆಯ ಘೋಷಣೆ, ಇಲ್ಲವೇ ಸಿಮೆಂಟಿನ ಜಾಹೀರಾತು. ಬೈಬಲ್ಲಿನ ದಾನಿಯೇಲನ ಗ್ರಂಥದಲ್ಲಿ ಬೇಲ್ಶಚ್ಚರ ದೊರೆಯ ಔತಣದ ನಡುವೆ ಒಂದು ಕೈ ಕಾಣಿಸಿಕೊಂಡು ಗೋಡೆಯ ಮೇಲೆ ಬರೆಯಿತು. ಅಂದೇ ರಾತ್ರಿ ದೊರೆ ಕೊಲೆಯಾದ. ಆ ಕಥೆ ತಿಳಿಯದವರಿಗೆ ನುಡಿಗಟ್ಟು ಬರಿಯ ಸುಣ್ಣ. 'ಕೊನೆ ಹತ್ತಿರವಾದುದು ಎಲ್ಲರಿಗೂ ಕಾಣುತ್ತಿತ್ತು' ಎಂದು ಬಿಡಿಸಿ ಬರೆಯಿರಿ. ರೆಡ್ ಫ್ಲ್ಯಾಗ್‌ನದೂ ಇದೇ ಪಾಡು: ಕೆಂಪು ಬಾವುಟ ಎಂದರೆ ಒಬ್ಬರಿಗೆ ರೈಲು ನೆನಪಾಗುತ್ತದೆ, ಇನ್ನೊಬ್ಬರಿಗೆ ಕಾರ್ಮಿಕ ಸಂಘ.

ಮೈಲಾರದ ಕಾರಣಿಕವನ್ನು ಇಂಗ್ಲಿಷ್‌ನಲ್ಲಿ ಓಮನ್ ಎನ್ನಬಹುದೇ?

ಇಲ್ಲ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ, 'ಸದ್ದಲೇ' ಎಂದು ಲಕ್ಷಾಂತರ ಜನರನ್ನು ಸುಮ್ಮನಾಗಿಸಿ ಒಂದು ಸಾಲು ನುಡಿಯುತ್ತಾನೆ. ಅಲ್ಲಿ ಮಾತಿದೆ, ಆಡುವವನಿದ್ದಾನೆ, ಅವನ ಮೂಲಕ ದೇವರೇ ನುಡಿಯುತ್ತಾನೆಂಬ ನಂಬಿಕೆಯಿದೆ. ಗ್ರೀಸಿನ ಡೆಲ್ಫಿಯಲ್ಲಿ ನಡೆಯುತ್ತಿದ್ದುದೂ ಇಂಥದ್ದೇ. ಆದ್ದರಿಂದ ಆರಕಲ್, ಇಲ್ಲವೇ ಪ್ರಾಫೆಸಿ ಎನ್ನಿ. ಆ ಸಾಲು ಮಳೆಗೋ ಬೆಳೆಗೋ ಸರ್ಕಾರಕ್ಕೋ ಎಂದು ಮರುದಿನದಿಂದ ಊರೆಲ್ಲ ಚರ್ಚಿಸುತ್ತದೆ. ಡೆಲ್ಫಿಯ ನುಡಿಗಳೂ ಹಾಗೆಯೇ ಒಗಟಾಗಿದ್ದವು. ಕಣಿ ಹೇಳುವ ಕೊರವಂಜಿಗೆ ಸೂತ್‌ಸೇಯರ್ ಸರಿಹೊಂದುತ್ತದೆ. ಸೂತ್ ಎಂದರೆ ಹಳೆಯ ಇಂಗ್ಲಿಷ್‌ನಲ್ಲಿ ಸತ್ಯ.

ಉಚ್ಚಾರ?

ಹಾರ್ಬಿಂಜರ್, ಹಾರ್ಬಿಂಗರ್ ಅಲ್ಲ. ಓಮನ್‌ಗೆ ದೀರ್ಘ, ಆಮಿನಸ್‌ಗೆ ಬೇರೆ ಸ್ವರ, ಓಮಿನಸ್ ಎನ್ನಬೇಡಿ.

ಹಲ್ಲಿ ಲೊಚಗುಟ್ಟಿತು ಎಂಬುದನ್ನು ಇಂಗ್ಲಿಷ್‌ನಲ್ಲಿ ಏನೆಂದು ಬರೆಯಲಿ?

ಹಲ್ಲಿ ಲೊಚಗುಟ್ಟಿತು ಎಂದೇ ಬರೆದು, ಆಡಿದ ಮಾತು ನಿಜವಾಗುತ್ತದೆ ಎಂಬ ನಂಬಿಕೆಯನ್ನು ಅರ್ಧ ವಾಕ್ಯದಲ್ಲಿ ಸೇರಿಸಿ. ಇಂಗ್ಲಿಷ್ ಓದುಗನಿಗೆ ಹಲ್ಲಿಶಾಸ್ತ್ರ ಗೊತ್ತಿಲ್ಲ. ಬೆಕ್ಕನ್ನು ಬದಲಿಗೆ ತರಬೇಡಿ, ಅದು ಇನ್ನೂ ಗೋಜಲು. ಕಪ್ಪು ಬೆಕ್ಕು ಅಡ್ಡ ಬಂದರೆ ಅಮೆರಿಕದವನು ನಮ್ಮಂತೆಯೇ ಮುಖ ಸಿಂಡರಿಸುತ್ತಾನೆ, ಬ್ರಿಟನ್ನಿನಲ್ಲಿ ಬಹಳ ಜನಕ್ಕೆ ಅದು ಅದೃಷ್ಟ.